ಸುದ್ದಿಯ ಕೆಳಗೆ ಆ ನಂಬರನ್ನೂ ಹಾಕಿ

ಮಾನ್ಯ ಸಂಪಾದಕರೇ,

ನಾನು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವವಳು. ನಿಮ್ಮ ಪತ್ರಿಕೆಯ ಕಟಿಂಗ್ ಹಿಡಿದುಕೊಂಡು ನನ್ನ ಟೇಬಲ್ಲಿನ ಹತ್ತಿರ ಬರುವವರು ಆಗಾಗ ಇರುತ್ತಾರೆ. ಮೊನ್ನೆ ಒಬ್ಬರು ರಿಟೈರ್ಡ್ ಮೇಷ್ಟ್ರು ಬಂದರು. ನಿದ್ದೆಗೂ ಮರೆವಿಗೂ ಇರುವ ನಂಟಿನ ಬಗ್ಗೆ ಸುದ್ದಿ. ‘ಸಂಶೋಧಕರ ತಂಡವೊಂದು ಕಂಡುಕೊಂಡಿದೆ’ ಅಂತಷ್ಟೇ ಇತ್ತು. ಯಾವ ತಂಡ, ಯಾವ ಜರ್ನಲ್ಲು, ಒಂದೂ ಇಲ್ಲ. “ಮೂಲ ಲೇಖನ ಹುಡುಕಿ ಕೊಡಮ್ಮ” ಅಂದರು. ಅರ್ಧ ದಿನ ಹುಡುಕಿದೆ. ಕೊನೆಗೂ ಎಲ್ಲೋ ಒಂದು ಲಿಂಕ್ ಸಿಕ್ಕಿತು. ಒತ್ತಿದರೆ 404. ಪುಟವೇ ಇಲ್ಲ.

ಲಿಂಕ್ ಹೀಗೆ ಸತ್ತುಹೋಗುವ ಕಾಯಿಲೆಗೆ ಮದ್ದು ಬಂದು ಎಷ್ಟೋ ವರ್ಷವಾಯಿತು. ಅದೇ ಡಿಒಐ (ಡಿಜಿಟಲ್ ಆಬ್ಜೆಕ್ಟ್ ಐಡೆಂಟಿಫೈಯರ್), ಅಂದರೆ ಒಂದೊಂದು ಲೇಖನಕ್ಕೂ ಕೊಡುವ ಬದಲಾಗದ ಗುರುತಿನ ನಂಬರು.

ಇದರ ಹಿಂದಿನ ಕತೆ ಪತ್ರಿಕೆಗಳಲ್ಲಿ ಬರುವುದು ಕಡಿಮೆ. ವಿಂಟ್ ಸರ್ಫ್ ಜೊತೆ ಸೇರಿ ಇಂಟರ್ನೆಟ್ಟಿಗೆ ಬುನಾದಿಯಾದ ಟಿಸಿಪಿ/ಐಪಿ ನಿಯಮಗಳನ್ನು ರೂಪಿಸಿದ ರಾಬರ್ಟ್ ಕಾನ್, 1986ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಸಿಎನ್‌ಆರ್‌ಐ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದರು. ಲಾಭ ಮಾಡುವ ಸಂಸ್ಥೆ ಅಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿ ಮುಟ್ಟಿಸುವ ದಾರಿ ಆಗಲೇ ಸಿದ್ಧವಿತ್ತು. ಆದರೆ ಇವತ್ತು ಇಲ್ಲಿರುವ ದಾಖಲೆ ನಾಳೆ ಬೇರೆ ಕಂಪ್ಯೂಟರಿಗೆ ಹೋದರೆ ಹುಡುಕುವುದು ಹೇಗೆ? ಅದಕ್ಕೆ ಅಲ್ಲಿ ಹುಟ್ಟಿದ್ದು, ದಾಖಲೆಗೆ ಬದಲಾಗದ ಗುರುತು ಕೊಟ್ಟು ಅದು ಈಗ ಎಲ್ಲಿದೆ ಅಂತ ತೋರಿಸುವ ಹ್ಯಾಂಡಲ್ ಸಿಸ್ಟಂ. ಡಿಒಐ ನಿಂತಿರುವುದು ಅದರ ಮೇಲೆಯೇ. (ನಮ್ಮಲ್ಲಿಗೆ ಬರುವ ಹುಡುಗರ ಬಾಯಲ್ಲಿ ಸದಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಅದನ್ನು ಹುಟ್ಟುಹಾಕಿದ ಗೈಡೋ ವಾನ್ ರಾಸಮ್ ಕೂಡ 1995ರಿಂದ 2000ದವರೆಗೆ ಇದೇ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ಹೇಳಿದರೆ ಹುಡುಗರು ನಂಬುವುದಿಲ್ಲ!)

10.1000/182 ಎಂಬ ನಂಬರು ನೋಡಿ. ಇದು ಡಿಒಐ ಕೈಪಿಡಿಯದ್ದೇ ನಂಬರು. ಮೊದಲ 10 ಅಂದರೆ ಇದು ಡಿಒಐ. 1000 ಅಂದರೆ ನೋಂದಾಯಿಸಿದವರು ಯಾರು. ಸ್ಲ್ಯಾಷ್ ಆದಮೇಲಿನದು ಆ ದಾಖಲೆಯ ಗುರುತು. ವೆಬ್ ವಿಳಾಸ ಇದರಲ್ಲಿ ಎಲ್ಲೂ ಇಲ್ಲ ಅನ್ನುವುದೇ ಇದರ ಜಾಣತನ. ವಿಳಾಸ ಬೇರೆ ಕಡೆ ಒಂದು ಪಟ್ಟಿಯಲ್ಲಿರುತ್ತದೆ. ಪ್ರಕಾಶಕರು ವೆಬ್‌ಸೈಟ್ ಬದಲಿಸಿದರೆ ಪಟ್ಟಿಯಲ್ಲಿ ಒಂದು ಸಾಲು ತಿದ್ದಿದರೆ ಆಯಿತು. ನಮ್ಮ ಕೈಯಲ್ಲಿರುವ ನಂಬರು ಹಾಗೇ ಇರುತ್ತದೆ. ಮನೆ ಬದಲಿಸಿದವರ ಮೊಬೈಲ್ ನಂಬರು ಬದಲಾಗುತ್ತದಾ? ಇಲ್ಲ ಅಲ್ವಾ, ಹಾಗೆ.

ಡಿಒಐ ಫೌಂಡೇಶನ್ ಶುರುವಾದದ್ದು 1998ರಲ್ಲಿ. ಜರ್ನಲ್ ಲೇಖನಗಳಿಗೆ ಜಾಸ್ತಿ ನಂಬರು ಕೊಡುವ ಕ್ರಾಸ್‌ರೆಫ್ 2000ದಲ್ಲಿ ಬಂತು. ಇವೂ ಲಾಭಕ್ಕೆ ನಡೆಯುವ ಸಂಸ್ಥೆಗಳಲ್ಲ.

ನಂಬರು ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಪಟ್ಟಿ ತಿದ್ದಲು ಸೋಮಾರಿತನ ಮಾಡುವ ಪ್ರಕಾಶಕರಿದ್ದಾರೆ. ಆಗ ಡಿಒಐ ಒತ್ತಿದರೂ ಖಾಲಿ ಪುಟವೇ ಗತಿ. ಡಿಒಐ ಇದೆ ಅಂದಮಾತ್ರಕ್ಕೆ ಅಧ್ಯಯನ ಗಟ್ಟಿ ಅಂತಲೂ ಅಲ್ಲ, ಕಳಪೆ ಲೇಖನಕ್ಕೂ ನಂಬರು ಸಿಗುತ್ತದೆ. ಆದರೆ ಕಳಪೆಯೋ ಅಲ್ಲವೋ ಅಂತ ನೋಡಲಿಕ್ಕಾದರೂ ಮೊದಲು ಲೇಖನ ಕೈಗೆ ಸಿಗಬೇಕಲ್ಲ.

ಹಾಗಾಗಿ ಇಷ್ಟೇ ಕೇಳುವುದು: ‘ಅಧ್ಯಯನ’ದ ಸುದ್ದಿ ಹಾಕಿದಾಗ ಕೆಳಗೆ ಸಣ್ಣ ಅಕ್ಷರದಲ್ಲಿ ಡಿಒಐ ಹಾಕಿ. ಒಂದು ಸಾಲಿನ ಜಾಗ ಸಾಕು. ಅಂಕಿಗಳನ್ನು ಟೈಪ್ ಮಾಡಬೇಡಿ, ಕಾಪಿ ಮಾಡಿ ಅಂಟಿಸಿ. ಒಂದು ಅಂಕಿ ತಪ್ಪಿದರೆ ಓದುಗ ಯಾವುದೋ ಕಪ್ಪೆಯ ಮೇಲಿನ ಲೇಖನದ ಮುಂದೆ ನಿಂತಿರುತ್ತಾನೆ.

ಆ ನಿದ್ದೆಯ ಸುದ್ದಿ ಬರೆದವರ ಹತ್ತಿರ ನಂಬರು ಇದ್ದರೆ ದಯವಿಟ್ಟು ಪ್ರಕಟಿಸಿ. ಮೇಷ್ಟ್ರು ಸೋಮವಾರ ಮತ್ತೆ ಬರುತ್ತೇನೆ ಅಂದಿದ್ದಾರೆ.

ಇಂತಿ,
ಒಬ್ಬ ಗ್ರಂಥಪಾಲಕಿ