ಮ್ಯೂನಿಕ್ ಗುಂಪಿನವರಿಗೆ: ಹೊಸಬರು ಬರುವ ಸಮಯ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಚಳಿಗಾಲದ ಸೆಮಿಸ್ಟರ್ ಶುರು, ಊರಿಂದ ಬಂದ ಮಕ್ಕಳು ಗುಂಪಿಗೆ ಸೇರುತ್ತಿದ್ದಾರೆ. ಅವರು ‘ನಮಸ್ಕಾರ’ ಅಂದರೆ ಸುಮ್ನೆ ಹೆಬ್ಬೆರಳು ಒತ್ತಿ ಬಿಡಬೇಡಿ. ಯಾವೂರು, ಎಲ್ಲಿ ಉಳಿದುಕೊಂಡಿದ್ದೀರಿ, ಊಟ ಆಯ್ತಾ ಅಂತ ಕೇಳಿ. ಶನಿವಾರ ರಾತ್ರಿ ಬಂದಿಳಿದವರಿಗೆ ಭಾನುವಾರ ಇಲ್ಲಿ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ ಅನ್ನುವುದೇ ಗೊತ್ತಿರುವುದಿಲ್ಲ. ಹತ್ತಿರ ಇರುವವರು ಒಂದು ಡಬ್ಬಿ ಚಿತ್ರಾನ್ನ ಕೊಟ್ಟು ಬನ್ನಿ. ಮೊದಲ ದಿನದ ಆ ಊಟ ಯಾರೂ ಮರೆಯುವುದಿಲ್ಲ, ಅಲ್ವಾ?

ಬಾಡಿಗೆ ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಾಯಿಸಬೇಕು, ಮಾಲೀಕರ ಸಹಿ ಇರುವ ಪತ್ರ ಬೇಕು. ಎಷ್ಟು ಸಲ ಕೇಳಿದರೂ ಬೇಸರಿಸದೆ ಹೇಳಿ. ಫಾರ್ವರ್ಡ್ ಜಾಸ್ತಿಯಾದರೆ ಅವರ ಪ್ರಶ್ನೆ ಕಣ್ಣಿಗೇ ಬೀಳುವುದಿಲ್ಲ, ದಯವಿಟ್ಟು ಕಮ್ಮಿ ಮಾಡಿ.

ಡಾಕ್ಟರ್ ಹತ್ತಿರ ಜೊತೆಗೆ ಹೋಗಬಲ್ಲ, ಜರ್ಮನ್ ಬಲ್ಲವರು ಕೆಳಗೆ ಹೆಸರು ಹಾಕಿ.