ಮನೆಯವರ ಕಥೆ ಬರೆದವಳಿಗೆ

ಪ್ರೀತಿಯ ಗೆಳತಿ,

ಒಂದೇ ಕಾಗದದಲ್ಲಿ ಅದೇ ಪ್ರಶ್ನೆಯನ್ನು ಮೂರು ಸಲ ಕೇಳಿದ್ದೀಯ. ಈ ಕಥೆ ಅಚ್ಚಾದರೆ ಮನೆಯವರು ಮಾತು ಬಿಡುತ್ತಾರೆ, ಅಚ್ಚಾಗದಿದ್ದರೆ ನನಗೇ ನನ್ನ ಮುಖ ತೋರಿಸಲಾರೆ, ಏನು ಮಾಡಲಿ? ಬರೆಯುವವರಿಗೆ ಪೂರ್ತಿ ಸ್ವಾತಂತ್ರ್ಯ ಬೇಕಾದರೆ ಎಲ್ಲರನ್ನೂ ಬಿಟ್ಟು ಹೊರಡಬೇಕು ಎಂದೂ ಬರೆದಿದ್ದೀಯ. ಆ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ.

ಅವರೊಡನೆ ಜಗಳವಾಡಲು ನೀನು ಬಳಸುವ ಮಾತೂ ಅವರೇ ಕಲಿಸಿದ್ದು. ಅಮ್ಮ ಸಿಟ್ಟಿನಲ್ಲಿ ಅರ್ಧಕ್ಕೆ ನಿಲ್ಲಿಸುವ ವಾಕ್ಯ ನಿನ್ನ ಕಥೆಯ ಜೀವ. ಅದನ್ನು ಎಲ್ಲಿ ಬಿಟ್ಟು ಹೊರಡುತ್ತೀಯ?

ತತ್ವಜ್ಞಾನಿ ಸ್ಪಿನೋಜಾ ನನಗೆ ಮತ್ತೆ ಮತ್ತೆ ನೆನಪಾಗುತ್ತಾನೆ. 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ ಅವನಿಗೆ ಬಹಿಷ್ಕಾರ ಹಾಕಿತು. ಆಗವನಿಗೆ 23 ವರ್ಷ. ಯಾರೂ ಅವನೊಡನೆ ಮಾತಾಡಕೂಡದು, ಒಂದೇ ಸೂರಿನಡಿ ಇರಕೂಡದು, ಅವನು ಬರೆದದ್ದನ್ನು ಓದಕೂಡದು. ಅವನು ತಪ್ಪೊಪ್ಪಿಕೊಂಡು ಮರಳಲಿಲ್ಲ. ಮಸೂರಗಳನ್ನು ಸಾಣೆ ಹಿಡಿಯುತ್ತ, ಬರೆಯುತ್ತ ಬದುಕಿದ. ಒಂಟಿ ವೀರನೆಂದು ಹೊಗಳಿ ಕಥೆಯನ್ನು ಇಲ್ಲಿಗೇ ಮುಗಿಸುವವರು ಬಹಳ. ಆದರೆ 1677ರಲ್ಲಿ ಅವನು ತೀರಿಕೊಂಡಾಗ ಉಳಿದ ಹಸ್ತಪ್ರತಿಗಳಲ್ಲಿ ಅರ್ಧಕ್ಕೆ ನಿಂತ ಹೀಬ್ರೂ ವ್ಯಾಕರಣವೊಂದಿತ್ತು. ತನ್ನನ್ನು ಹೊರಹಾಕಿದವರ ಧರ್ಮಗ್ರಂಥದ ಭಾಷೆಯದು! ಗೆಳೆಯರು ಕೇಳಿದರೆಂದು ಬರೆಯತೊಡಗಿದ್ದು. ಬಾಗಿಲು ಮುಚ್ಚಿದ ಮೇಲೂ ಅವನಿಗೆ ಗೆಳೆಯರಿದ್ದರು, ಆ ಭಾಷೆಯೂ ಅವನ ಜೊತೆಗೇ ಇತ್ತು. ಇದನ್ನು ಮೊದಲು ಓದಿದಾಗ ನನಗೆ ಗಂಟಲು ಕಟ್ಟಿತ್ತು.

ಮನೆ ಬಿಟ್ಟು ಬರಹಗಾರರ ಗುಂಪು ಸೇರಿದವರನ್ನೂ ಕಂಡಿದ್ದೇನೆ. ಅಲ್ಲಿಯೂ ಹೇಳಬಾರದ ಮಾತುಗಳಿರುತ್ತವೆ, ಅಲ್ಲಿಯೂ ಮಾತು ಬಿಡುತ್ತಾರೆ.

ನನ್ನ ಮೊದಲ ಕಥೆಯಲ್ಲಿ ಚಿಕ್ಕಮ್ಮನನ್ನು ಇದ್ದ ಹಾಗೇ ತಂದಿದ್ದೆ. 11 ವರ್ಷ ಅವಳು ನನ್ನೊಡನೆ ಮಾತಾಡಲಿಲ್ಲ. ಬರೆದದ್ದು ತಪ್ಪೆಂದು ಇವತ್ತಿಗೂ ಅನ್ನಿಸಿಲ್ಲ. ಅವಳಿಂದ ನನಗಾದ ನೋವನ್ನಷ್ಟೇ ಬರೆದು, ಅವಳ ನೋವಿನತ್ತ ತಿರುಗಿಯೂ ನೋಡದೆ ಕಥೆ ಮುಗಿಸಿದ್ದೆ. ನನ್ನನ್ನು ಈಗಲೂ ಚುಚ್ಚುವುದು ಅದು.

ಹಾಗಾಗಿ ಬರೆಯುವಾಗ ಯಾರ ಅಪ್ಪಣೆಯನ್ನೂ ಕೇಳಬೇಡ. ಮೊದಲ ಕರಡಿನೊಳಗೆ ಮನೆಯವರನ್ನಾಗಲಿ ನನ್ನನ್ನಾಗಲಿ ಬಿಟ್ಟುಕೊಳ್ಳಬೇಡ. ಅಚ್ಚಿಗೆ ಕೊಡುವ ಮುನ್ನ ಮಾತ್ರ, ಕಥೆಯಲ್ಲಿ ಬಂದವರಾಗಿ ಒಮ್ಮೆ ಓದು. ಅವರಿಗೆ ನೋವಂತೂ ಆಗುತ್ತದೆ, ಅದನ್ನು ತಪ್ಪಿಸಲು ಹೋದರೆ ಕಥೆ ಸಾಯುತ್ತದೆ. ‘ಇದು ಸುಳ್ಳು’ ಎಂದು ಅವರು ನ್ಯಾಯವಾಗಿಯೇ ಹೇಳಬಹುದಾದ ಸಾಲು ಸಿಕ್ಕರೆ ಅದನ್ನು ಕಿತ್ತುಹಾಕು. ಬೇರೊಂದು ಸಾಲನ್ನೂ ಮುಟ್ಟಬೇಡ.

ನಿನ್ನ ಕಥೆಯಲ್ಲಿ ಅಪ್ಪ ಉತ್ತರ ಕೊಡದೆ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ನೀನು ಹೊರಗೇ ನಿಂತುಬಿಟ್ಟಿದ್ದೀಯ. ಆ ಕೋಣೆಯೊಳಗೆ ಹೋಗಿ, ಅಲ್ಲಿ ಅವರು ಏನು ಮಾಡುತ್ತಿದ್ದರು ಎಂದು ಬರೆದು ನೋಡು. ಆಮೇಲೆ ನನಗೆ ಕಳಿಸು, ಕಾಯುತ್ತಿರುತ್ತೇನೆ.