ಹೊಲಿದು ಕಳಿಸಿದ ಪುಸ್ತಕ

ಕಾರವಾರ, ಭಾನುವಾರ ರಾತ್ರಿ

ಪುಟ್ಟೀ,

ನಿನ್ನ ಹುಟ್ಟುಹಬ್ಬಕ್ಕೆ ತಂದ ಪುಸ್ತಕ ಒಂದು ವಾರ ತಡವಾಗಿ ಧಾರವಾಡಕ್ಕೆ ಬರುತ್ತಿದೆ. ಅಂಚೆಯವರನ್ನು ಬೈಯಬೇಡ. ನಾನೇ ಇಟ್ಟುಕೊಂಡು ಕೂತಿದ್ದೆ.

ವಿಜ್ಞಾನದ ಒಗಟುಗಳ ಪುಸ್ತಕ. ಒಳಗಿರೋದು ಇಂಗ್ಲಿಷು, ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತೇನೆ. ಮೊದಲು ರಟ್ಟು ನೋಡು. ಕಡುನೀಲಿ ಬಟ್ಟೆ, ಅದರಲ್ಲಿ ಸೂಜಿ ಚುಚ್ಚಿದಂಥ ತೂತುಗಳು. ಹುಳ ತಿಂದದ್ದು ಕೊಟ್ಟುಬಿಟ್ಟ ಅಂತ ಅಂಗಡಿಯವನಿಗೆ ಮನಸ್ಸಲ್ಲೇ ಬೈದೆ. ರಾತ್ರಿ ಕರೆಂಟು ಹೋದಾಗ ರಟ್ಟಿನ ಹಿಂದೆ ಟಾರ್ಚ್ ಹಿಡಿದರೆ ಸಪ್ತರ್ಷಿ ಮಂಡಲ! ಬೆರಳಿಟ್ಟು ಎಣಿಸಿದೆ. ಏಳಲ್ಲ, ಎಂಟು. ಬಾಲದ ನಡುವೆ ವಸಿಷ್ಠನ ಪಕ್ಕ ಇನ್ನೂ ಸಣ್ಣದೊಂದು ತೂತು, ಅರುಂಧತಿ. ನಮ್ಮ ಮದುವೆಯಲ್ಲಿ ಮಟಮಟ ಮಧ್ಯಾಹ್ನ ಪುರೋಹಿತರು ಆಕಾಶ ತೋರಿಸಿ ‘ಕಂಡಿತಾ?’ ಅಂದಾಗ ‘ಹ್ಞೂಂ’ ಅಂದಿದ್ದೆ. ನಿಜವಾಗಿ ಕಂಡದ್ದು ಈಗ.

ಒಗಟುಗಳು ಸುಲಭ ಅಲ್ಲ ಮಾರಾಯ್ತಿ. ಶಿರಸಿ ಅಜ್ಜಿ ಅಡಿಕೆ ಸುಲಿಯುತ್ತಾ ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂದರೆ ‘ಮಲ್ಲಿಗೆ’ ಅಂತ ಕೂಗುತ್ತಿದ್ದೆಯಲ್ಲ, ಹಾಗಲ್ಲ ಇವು. ಒಂದು ಮಾತ್ರ ಥಟ್ಟನೆ ಹೊಳೆಯಿತು: ‘ನೀರಲ್ಲೇ ಹುಟ್ಟಿದ ಬೆಂಕಿ ನಾನು. ತುಳಿದರೆ ಹೊತ್ತುವೆ, ಸುಡಲಾರೆ.’ ಟ್ಯಾಗೋರ್ ಬೀಚಿನಲ್ಲಿ ಆ ರಾತ್ರಿ ನೆನಪಿದೆಯಾ? ಒದ್ದೆ ಮರಳಿನಲ್ಲಿ ನೀನು ಹೆಜ್ಜೆ ಇಟ್ಟಲ್ಲೆಲ್ಲ ನೀಲಿ ಮಿಂಚು. ನಾಕ್ಟಿಲ್ಯೂಕಾ ಅನ್ನೋ ಒಂದೇ ಜೀವಕೋಶದ ಜೀವಿ ಅದು. ಕದಡಿದರೆ ಮಿನುಗುತ್ತದೆ.

ಇನ್ನೊಂದು: ‘ದಿನಕ್ಕೆ ಎರಡು ಸಲ ಬರುವೆ, ನಾಳೆ ಸುಮಾರು 50 ನಿಮಿಷ ತಡ.’ ಮೀನಿನ ಅಕ್ಕ ಬುಟ್ಟಿ ಇಳಿಸುವ ಮೊದಲೇ ‘ಭರತ ಅಲ್ವಾ, ಸಮುದ್ರದ ಉಬ್ಬರ?’ ಅಂದಳು. ಆದರೆ ಕೆಳಗೆ ಸಣ್ಣಕ್ಷರದಲ್ಲಿ ಮತ್ತೊಂದು ಪ್ರಶ್ನೆ. ಚಂದ್ರ ತಲೆ ಮೇಲೆ ಹಾಯುವುದು ಒಂದೇ ಸಲ, ನೀರು ಯಾಕೆ ಎರಡು ಸಲ ಏರಬೇಕು? ಅಕ್ಕನೂ ಸುಮ್ಮನಾದಳು. ಎರಡು ದಿನ ಒದ್ದಾಡಿ, ಕಡೆಗೆ ಕದ್ದು ಉತ್ತರ ನೋಡಿಬಿಟ್ಟೆ. ಚಂದ್ರ ತನ್ನ ಕಡೆಯ ನೀರನ್ನು ಭೂಮಿಗಿಂತ ಜಾಸ್ತಿ ಎಳೆಯುತ್ತಾನಂತೆ. ಆಚೆ ಬದಿಯ ನೀರಿಗಿಂತ ಭೂಮಿಯನ್ನು ಜಾಸ್ತಿ ಎಳೆಯುತ್ತಾನೆ. ಹಾಗಾಗಿ ಆಚೆಯ ನೀರು ಹಿಂದೆ ಉಳಿದು ಅಲ್ಲೂ ಉಬ್ಬುತ್ತದೆ. ಓದಿದ ಮೇಲೆ ಹೊಟ್ಟೆ ಉರಿಯಿತು. ಇನ್ನೊಂದು ದಿನ ತಡೆದಿದ್ದರೆ ನನಗೇ ಹೊಳೆಯುತ್ತಿತ್ತೋ ಏನೋ! (ಅಯ್ಯೋ, ಈಗ ನಿನಗೂ ಹೇಳಿಬಿಟ್ಟೆ.)

ಅದಕ್ಕೇ ಉತ್ತರದ ಪುಟಗಳನ್ನೆಲ್ಲ ಸೇರಿಸಿ ಕರಿ ದಾರದಲ್ಲಿ ಹೊಲಿದಿದ್ದೇನೆ. ಕಾಗದ ಹರಿಯದ ಹಾಗೆ ತುದಿಯಲ್ಲಿ ನಾಲ್ಕೇ ಹೊಲಿಗೆ. ‘ಅಷ್ಟು ದುಡ್ಡಿನ ಪುಸ್ತಕಕ್ಕೆ ಸೂಜಿ ಹಾಕ್ತೀಯಲ್ಲೇ’ ಅಂದರು ನಿನ್ನ ಅಪ್ಪ. ಕತ್ತರಿ ನಿನ್ನ ಹತ್ತಿರವೂ ಇದೆ, ನನಗೆ ಗೊತ್ತು.

ಹೊಲಿದು ಮುಗಿಸಿದ ಮೇಲೆ ಕಣ್ಣಿಗೆ ಬಿತ್ತು ಇದು: ‘ಚಳಿಗೆ ಎಲ್ಲರೂ ಮುದುಡುತ್ತಾರೆ. ನಾನೂ 4 ಡಿಗ್ರಿವರೆಗೆ ಮುದುಡುವೆ. ಚಳಿ ಇನ್ನೂ ಏರಿದರೆ ಮೈ ಚಾಚುವೆ.’ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ. ಬೆಳಿಗ್ಗೆ ಫ್ರಿಜ್ ತೆಗೆದರೆ, ನಿನ್ನ ಅಪ್ಪ ಫ್ರೀಜರಿನಲ್ಲಿಟ್ಟು ಮರೆತ ಗಾಜಿನ ಬಾಟಲಿ ಉದ್ದಕ್ಕೆ ಸೀಳಿತ್ತು. ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಆಮೇಲೆ ಅವರಿಗೆ ಇನ್ನೊಂದು ಲೋಟ ಚಹಾ ಮಾಡಿಕೊಟ್ಟೆ. ಯಾಕೆ ಅಂತ ಅವರಿಗಿನ್ನೂ ಗೊತ್ತಿಲ್ಲ.

ನಿನ್ನ
ಅಮ್ಮ